ಶೇ 25 ಬಿಟ್ಟು ಶೇ 22ಕ್ಕೆ ಹೋಗಲೇಬೇಕೇ?

ಪ್ರಶ್ನೆ: ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ನಮ್ಮದು. ವರ್ಷಕ್ಕೆ ಸುಮಾರು 50 ಲಕ್ಷ ರೂಪಾಯಿ ಲಾಭ. ‘ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 115ಬಿಎಎಗೆ (ಕೆಲವು ರಿಯಾಯಿತಿ ಬಿಟ್ಟುಕೊಟ್ಟು ಕಡಿಮೆ ದರ ಕಟ್ಟುವ ಆಯ್ಕೆ) ಹೋಗಿಬಿಡಿ, ತೆರಿಗೆ ಶೇ 22 ಮಾತ್ರ’ ಅನ್ನುತ್ತಾರೆ ಸ್ನೇಹಿತರು. ಹೋಗಬಹುದೇ?

ಉತ್ತರ: ಹೊಸ ಯಂತ್ರ ಕೊಳ್ಳುವ ಯೋಚನೆ ಇದೆಯೇ ಅನ್ನುವುದರ ಮೇಲೆ ನಿಂತಿದೆ. 2024–25ನೇ ಹಣಕಾಸು ವರ್ಷದಲ್ಲಿದ್ದ ದರ, ನಿಯಮಗಳನ್ನೇ (1961ರ ಆದಾಯ ತೆರಿಗೆ ಕಾಯ್ದೆ) ಹಿಡಿದು ಲೆಕ್ಕ ಹಾಕೋಣ.

2019ರ ಸೆಪ್ಟೆಂಬರ್‌ನಲ್ಲಿ ಬಂದ ಈ ಶೇ 22ರ ಮೇಲೆ ಶೇ 10 ಸರ್ಚಾರ್ಜ್ (ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ), ಎರಡೂ ಸೇರಿದ ಮೊತ್ತದ ಮೇಲೆ ಶೇ 4 ಸೆಸ್ ಕೂರುತ್ತವೆ. ಕೈಯಿಂದ ಹೋಗುವುದು ಶೇ 25.168. ವಹಿವಾಟು 400 ಕೋಟಿ ಮೀರದ ಕಂಪನಿಗೆ ಹಳೆಯ ದರ ಶೇ 25. ಆದಾಯ ಒಂದು ಕೋಟಿ ದಾಟದಿದ್ದರೆ ಸರ್ಚಾರ್ಜ್ ಇಲ್ಲ, ಸೆಸ್ ಸೇರಿ ಶೇ 26. ನಿಮ್ಮ 50 ಲಕ್ಷಕ್ಕೆ ಹಳೆಯದರಲ್ಲಿ 13,00,000, ಹೊಸದರಲ್ಲಿ 12,58,400. ಉಳಿಯುವುದು 41,600 ರೂಪಾಯಿ, ಅಷ್ಟೇ!

ಈಗ 40 ಲಕ್ಷದ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ತಂದಿರಿ ಅನ್ನಿ. ತಯಾರಿಕಾ ಘಟಕಕ್ಕೆ ಹಳೆಯ ಪದ್ಧತಿಯಲ್ಲಿ ಮಾಮೂಲಿ ಸವಕಳಿಯ (ಯಂತ್ರ ಸವೆಯುವ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ಮೊತ್ತ) ಜೊತೆಗೆ ಶೇ 20 ಹೆಚ್ಚುವರಿ ಸವಕಳಿ ಸಿಗುತ್ತದೆ. ಹೊಸದರಲ್ಲಿ ಅದಿಲ್ಲ. ಮಾಮೂಲಿ ಸವಕಳಿ ಕಳೆದ ಮೇಲೂ 50 ಲಕ್ಷ ಉಳಿದಿದ್ದರೆ, ಇನ್ನೂ 8 ಲಕ್ಷ ಕಳೆದು 42 ಲಕ್ಷಕ್ಕೆ ತೆರಿಗೆ: 10,92,000. ಹೊಸ ಪದ್ಧತಿಗಿಂತ 1,66,400 ಕಡಿಮೆ. ಆದರೆ ಇದು ಮಾಫಿಯಲ್ಲ, ಮುಂದೂಡಿಕೆ. ಮುಂದಿನ ವರ್ಷಗಳ ಸವಕಳಿ ಅಷ್ಟು ಇಳಿಯುತ್ತದೆ. ಸಾಲದ ಕಂತು ಕಟ್ಟುವ ಕಾಲಕ್ಕೆ ಆ ಹಣ ಕೈಯಲ್ಲಿರುವುದೂ ಸಣ್ಣ ಮಾತಲ್ಲ. ಯಂತ್ರ ವರ್ಷದಲ್ಲಿ 180 ದಿನವಾದರೂ ಓಡಿರಬೇಕು, ಇಲ್ಲದಿದ್ದರೆ ಆ ವರ್ಷಕ್ಕೆ ಅರ್ಧ ಸವಕಳಿ. ಬಿಲ್ ಬಂದರೆ ಸಾಲದು, ಅಕ್ಟೋಬರ್ 3ರೊಳಗೆ ಕೆಲಸಕ್ಕೆ ಹಚ್ಚಿ.

ಇನ್ನೊಂದು ಮಾತು. ರಿಟರ್ನ್ ಗಡುವಿನೊಳಗೆ ನಿಗದಿತ ಅರ್ಜಿ (2024–25ಕ್ಕೆ ಫಾರ್ಮ್ 10-ಐಸಿ) ಸಲ್ಲಿಸಿ ಹೊಸದಕ್ಕೆ ಹೋದರೆ ವಾಪಸ್ ಬರುವಂತಿಲ್ಲ. ಹಳೆಯದರಲ್ಲಿ ಇದ್ದು ಮುಂದೆ ಹೋಗಲು ಅಡ್ಡಿಯಿಲ್ಲ. ಹಾಗಾಗಿ ಯಂತ್ರ ಬರುವುದಿದ್ದರೆ ಕಾಯಿರಿ ಅನ್ನುತ್ತೇನೆ. ಆದಾಯ ಒಂದು ಕೋಟಿ ದಾಟಿದರೆ ಸರ್ಚಾರ್ಜ್ ಸೇರಿ ಹಳೆಯ ದರ ಶೇ 27.82 ಆಗುತ್ತದೆ; ಆಗ ಶೇ 25.168ಕ್ಕೆ ನಿಜವಾದ ಬೆಲೆ.

ಯಾವ ಪದ್ಧತಿಯಲ್ಲಿದ್ದರೂ ಅನ್ವಯಿಸುವ ಒಂದು ನಿಯಮ ಹಲವರಿಗೆ ಹೊಡೆತ ಕೊಡುತ್ತಿದೆ: ಅದೇ 1961ರ ಕಾಯ್ದೆಯ ಸೆಕ್ಷನ್ 43ಬಿ(ಎಚ್). ನೋಂದಾಯಿತ ಸೂಕ್ಷ್ಮ, ಸಣ್ಣ ತಯಾರಿಕಾ ಘಟಕಗಳಿಂದ ಮಾಲು ತಂದು, ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡದೆ ಮಾರ್ಚ್ 31 ದಾಟಿಸಿದರೆ, ಆ ಖರ್ಚು ಆ ವರ್ಷಕ್ಕೆ ಕಳೆಯುವುದಿಲ್ಲ, ಹಣ ಕೊಟ್ಟ ವರ್ಷಕ್ಕೆ ಹೋಗುತ್ತದೆ. 10 ಲಕ್ಷ ಬಾಕಿ ಉಳಿಸಿಕೊಂಡರೆ ಹಳೆಯ ದರದಲ್ಲಿ 2.6 ಲಕ್ಷ ತೆರಿಗೆ ಮುಂಗಡವಾಗಿ ಕಟ್ಟಿದ ಹಾಗೆ.