ಮೀನು ಬಿಟ್ಟರೂ ಹೋಗದ ‘ಮೀನಿನ ಚರ್ಮ’

ಚಳಿ ಬಿದ್ದ ಮೇಲೆ ತುಮಕೂರಿನ ನನ್ನ ಚಿಕಿತ್ಸಾಲಯಕ್ಕೆ ಪಾವಗಡ, ಮಧುಗಿರಿ ಕಡೆಯಿಂದ ಒಣ ಚರ್ಮದ ಮಕ್ಕಳು ಬರತೊಡಗುತ್ತಾರೆ. ಮೊಣಕಾಲಿನ ಕೆಳಗೆ ಚರ್ಮ ಬಿರಿದು, ಅಂಚು ಎದ್ದ ಬೂದು ಹುರುಪೆಗಳು. ನಾನು ಬಾಯಿ ತೆರೆಯುವ ಮೊದಲೇ ತಾಯಿ ಹೇಳುತ್ತಾಳೆ: “ಮೀನು ಬಿಡಿಸಿ ಎರಡು ವರ್ಷವಾಯಿತು ಡಾಕ್ಟರೇ, ಏನೂ ಕಡಿಮೆಯಾಗಿಲ್ಲ.”

ಚೀಟಿಯಲ್ಲಿ ಯಾರೋ ‘ಇಕ್ತಿಯೋಸಿಸ್’ ಎಂದು ಬರೆದಿರುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಇಕ್ತಿಸ್’ ಎಂದರೆ ಮೀನು. ಮೊಬೈಲಿನಲ್ಲಿ ಹುಡುಕಿದರೆ ‘ಮೀನಿನ ಚರ್ಮದ ರೋಗ’ ಎಂದು ಬರುತ್ತದೆ. ಅಂದು ಸಂಜೆಯಿಂದಲೇ ಆ ಮನೆಗೆ ಕೆರೆಯ ಕಟ್ಲಾ, ರೋಹು ಬರುವುದು ನಿಲ್ಲುತ್ತದೆ. ಬೆಳೆಯುವ ಮಗುವಿನ ತಟ್ಟೆಯಿಂದ ಒಳ್ಳೆಯ ಪ್ರೋಟೀನು ಹೋಯಿತು. ಹುರುಪೆ ಇದ್ದಲ್ಲೇ ಇದೆ.

ಆನೆಕಾಲು ರೋಗ ಬಂದವರು ಆನೆ ಸಾಕಿದ್ದರೇ? ಸರ್ಪಸುತ್ತು ಎದ್ದವರನ್ನು ಹಾವು ಸುತ್ತಿತ್ತೇ? (ಈ ಎರಡನೆಯದಕ್ಕೆ ಕೆಲವರು ‘ಹೌದು, ನಾಗದೋಷ’ ಎನ್ನುತ್ತಾರೆ, ಅವರೊಡನೆ ವಾದಿಸುವುದನ್ನು ನಾನು ಬಿಟ್ಟಿದ್ದೇನೆ.) ಆನೆಕಾಲು ಕಾಲಿನ ಆಕಾರಕ್ಕೆ ಇಟ್ಟ ಹೆಸರು, ಅದನ್ನು ತರುವುದು ಸೊಳ್ಳೆ. ಇಲ್ಲಿಯೂ ಹಾಗೆಯೇ, ಚರ್ಮ ಮೀನಿನ ಮೈಯಂತೆ ಕಾಣುತ್ತದೆ, ಅಷ್ಟೇ. ಚರಕಸಂಹಿತೆ ಬೇರೊಂದು ಚರ್ಮರೋಗವನ್ನು ವರ್ಣಿಸುವಾಗ ‘ಮತ್ಸ್ಯಶಕಲೋಪಮ’ ಎನ್ನುತ್ತದೆ. ಕೊನೆಯಲ್ಲಿರುವ ‘ಉಪಮ’ವನ್ನು ಗಮನಿಸಿ: ಮೀನಿನ ಹುರುಪೆಯಂಥದು, ಮೀನಿನಿಂದ ಬಂದದ್ದಲ್ಲ.

ಸಾಮಾನ್ಯ ಬಗೆಯ ಇಕ್ತಿಯೋಸಿಸ್‌ಗೆ ಕಾರಣ ‘ಫಿಲಾಗ್ರಿನ್’ ಎಂಬ ಪ್ರೋಟೀನಿನ ಜೀನಿನಲ್ಲಿರುವ ದೋಷ ಎಂದು 2006ರಲ್ಲಿ ಗೊತ್ತಾಯಿತು. ಚರ್ಮದ ಹೊರಪದರವನ್ನು ಗಟ್ಟಿಯಾಗಿ ಹಿಡಿದು, ತೇವ ಆರದಂತೆ ನೋಡಿಕೊಳ್ಳುವ ಪ್ರೋಟೀನು ಅದು. ತಂದೆ ಅಥವಾ ತಾಯಿಯ ಕಾಲು ತೋರಿಸಿ ಎಂದರೆ ಅನೇಕ ಸಲ ಅಲ್ಲಿಯೂ ಅದೇ ಹುರುಪೆ ಸಿಗುತ್ತದೆ. ಎಂದೂ ಮೀನು ಮುಟ್ಟದ ಮನೆಗಳ ಮಕ್ಕಳಲ್ಲೂ ಇದನ್ನು ನೋಡುತ್ತೇನೆ. ಮೀನು ತಿಂದೊಡನೆ ದದ್ದು ಏಳುವವರ, ತುಟಿ ಊದುವವರ ಮಾತು ಬೇರೆ. ಅದು ಅಲರ್ಜಿ, ಅವರು ಬಿಡಲೇಬೇಕು.

ತಪ್ಪು ರೋಗಿಗಳದ್ದು ಮಾತ್ರ ಎನ್ನಲಾರೆ. ಒಮ್ಮೆ ನಾನೇ ಒಬ್ಬ ಅಜ್ಜಿಗೆ “ಈ ಮುಲಾಮನ್ನು ಮೀನಖಂಡಕ್ಕೆ ಚೆನ್ನಾಗಿ ಹಚ್ಚಿ” ಎಂದಿದ್ದೆ. ಅಜ್ಜಿ ಗಾಬರಿಯಿಂದ ಮೊಮ್ಮಗನ ಮುಖ ನೋಡಿದರು. ಖಂಡ ಎಂದರೆ ಅವರಿಗೆ ಮಾಂಸ. “ತಿನ್ನುವ ಮೀನಿಗೆ ಮುಲಾಮು ಯಾಕಪ್ಪಾ ಹಚ್ಚಬೇಕು?” ಅಂದಿನಿಂದ ಕಾಲನ್ನು ಮುಟ್ಟಿ ತೋರಿಸುತ್ತೇನೆ. ಇನ್ನೊಬ್ಬರು ನಿವೃತ್ತ ಮೇಷ್ಟ್ರು. ತಮ್ಮನ ರಕ್ತದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ‘ಫಿಶ್’ ಪರೀಕ್ಷೆ ಬರೆದುಕೊಟ್ಟಿದ್ದರು. “ನಾವು ಮೊಟ್ಟೆಯನ್ನೂ ತಿನ್ನುವವರಲ್ಲ, ಇದು ಬೇಕೇ?” ಎಂದು ಕೇಳಲು ನನ್ನಲ್ಲಿಗೆ ಬಂದರು. ಅದು ಒಂದು ಉದ್ದನೆಯ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಆಯ್ದು ಮಾಡಿದ ಪದ. ಹೊಳೆಯುವ ಬಣ್ಣದ ಗುರುತು ಅಂಟಿಸಿ ಜೀವಕೋಶದ ವರ್ಣತಂತುಗಳಲ್ಲಿ ಬದಲಾವಣೆ ಹುಡುಕುತ್ತಾರೆ. ಮೀನಿನ ಸುಳಿವೇ ಇಲ್ಲ. ಬೇಕೇ ಬೇಕು, ತಡಮಾಡದೆ ಮಾಡಿಸಿ ಎಂದು ಕಳುಹಿಸಿದೆ.

ಇನ್ನು ಉಜ್ಜುವ ಚಟ. ಹೆಸರಿನಲ್ಲಿ ಮೀನು ಇದೆಯೆಂದು ಮೀನು ಹೆರೆದಂತೆ ಮಗುವಿನ ಕಾಲನ್ನು ಕಲ್ಲಿನಿಂದ ಹೆರೆಯುತ್ತಾರೆ. ದಯವಿಟ್ಟು ಬೇಡ. ಉಗುರುಬೆಚ್ಚಗಿನ ನೀರಿನ ಸ್ನಾನ, ಮೃದು ಸೋಪು, ಮೈ ಇನ್ನೂ ಹಸಿ ಇರುವಾಗಲೇ ತೇವ ಹಿಡಿಯುವ ಮುಲಾಮು. ದುಬಾರಿಯೆನಿಸಿದರೆ ಕೊಬ್ಬರಿ ಎಣ್ಣೆಯಾದರೂ ಸರಿ. ತಿಪಟೂರಿನ ಜಿಲ್ಲೆಯಲ್ಲಿ ಅದಕ್ಕೇನು ಬರ? ಯೂರಿಯಾ ಇರುವ ಮುಲಾಮು ಒಳ್ಳೆಯದು, ಆದರೆ ಬಿರಿದ ಚರ್ಮಕ್ಕೆ ಉರಿಯುತ್ತದೆ, ಚಿಕ್ಕ ಮಕ್ಕಳಿಗೆ ಕೇಳದೆ ಹಚ್ಚಬೇಡಿ. ಇದರಿಂದ ರೋಗ ಹಿಡಿತಕ್ಕೆ ಬರುತ್ತದೆ, ಬೇರುಸಹಿತ ಹೋಗುವುದಿಲ್ಲ. ಬೇಸಿಗೆಯಲ್ಲಿ, ವಯಸ್ಸಾದಂತೆ ಸಾಮಾನ್ಯವಾಗಿ ಹಗುರವಾಗುತ್ತದೆ.

ಬಾಲ್ಯದಲ್ಲಿ ನುಣ್ಣಗಿದ್ದ ಚರ್ಮ ನಲವತ್ತು, ಐವತ್ತರಲ್ಲಿ ಹೊಸದಾಗಿ ಹೀಗಾದರೆ ಮಾತ್ರ ಎಣ್ಣೆ ಹಚ್ಚಿಕೊಂಡು ಕೂರಬೇಡಿ. ಥೈರಾಯ್ಡ್ ಅಥವಾ ಮೂತ್ರಪಿಂಡದ ತೊಂದರೆ, ಅಪರೂಪಕ್ಕೆ ದುಗ್ಧರಸ (ಲಿಂಫ್) ಗ್ರಂಥಿಗಳ ಕ್ಯಾನ್ಸರ್ ಕೂಡ ಹೀಗೆ ಕಾಣಿಸಿಕೊಳ್ಳಬಹುದು. ಎಲ್ಲರಿಗೂ ಅದೇ ಇರುತ್ತದೆಂದಲ್ಲ. ಆದರೂ ಮೀನಮೇಷ ಎಣಿಸದೆ ಬಂದು ತೋರಿಸಿ.