ಹಾಕಿದ ಮಿತಿ 10, ಬಂದ ಸ್ಪೀಡ್ 94: ಬ್ಯಾಂಡ್‌ವಿಡ್ತ್ ಟೆಸ್ಟ್ ಟಿಪ್ಪಣಿ

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಟ್ರಾಫಿಕ್ ನಿಯಂತ್ರಿಸೋ ಟಿಸಿ ಕಮಾಂಡ್ ಬಳಸಿ ಸೆಕೆಂಡಿಗೆ 10 ಮೆಗಾಬಿಟ್‌ಗೆ ಮಿತಿ ಹಾಕುತ್ತೀರಿ, ಸ್ಪೀಡ್ ಅಳೆಯೋ ಐಪರ್ಫ್3 ಓಡಿಸುತ್ತೀರಿ, ನೋಡಿದರೆ 10 ಬಿಟ್ಟು ಬೇರೆ ಏನೋ ಬಂದಿರುತ್ತದೆ. ಆಗ ಹೆಚ್ಚಿನವರು ಕಮಾಂಡ್ ಅಳಿಸಿ ಮತ್ತೆ ಅದನ್ನೇ ಹಾಕುತ್ತಾರೆ. ಅದು ಬೇಡ. ಬಂದ ಅಂಕಿಯನ್ನೇ ಸರಿಯಾಗಿ ನೋಡಿ, ತೊಂದರೆ ಎಲ್ಲಿದೆ ಅನ್ನೋದನ್ನು ಅರ್ಧ ಅದೇ ಹೇಳುತ್ತದೆ.

ಎರಡು ಲ್ಯಾಪ್‌ಟಾಪ್, ನಡುವೆ ಒಂದು ಕೇಬಲ್, ಇಷ್ಟೇ ಸೆಟಪ್ ಅಂದುಕೊಳ್ಳಿ. ಪಿಜಿಯ ವೈಫೈ ಮೇಲೆ ಇದನ್ನು ಕಲಿಯೋಕೆ ಹೋಗಬೇಡಿ. ಸಂಜೆ ಎಲ್ಲರೂ ಆಫೀಸಿಂದ ಬಂದು ಮೊಬೈಲ್ ಹಿಡಿದು ಕೂತ ಮೇಲೆ ನೀವು ಅಳೆಯೋದು ನಿಮ್ಮ ಮಿತಿಯನ್ನಲ್ಲ, ಪಕ್ಕದ ರೂಮಿನವರ ಕ್ರಿಕೆಟ್ ಮ್ಯಾಚನ್ನು.

9.56ರ ಹತ್ತಿರ ಬಂದರೆ ಎಲ್ಲ ಸರಿ ಇದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕೇಬಲ್‌ನಲ್ಲಿ ಡೇಟಾ ಫ್ರೇಮ್ ಅನ್ನೋ ಕಟ್ಟುಗಳಾಗಿ ಹೋಗುತ್ತದೆ, 1514 ಬೈಟ್‌ನ ಒಂದು ಫ್ರೇಮ್‌ನಲ್ಲಿ ನಿಮ್ಮ ಡೇಟಾ ಇರೋದು 1448 ಬೈಟ್ ಮಾತ್ರ, ಉಳಿದದ್ದು ಈಥರ್ನೆಟ್, ಐಪಿ, ಟಿಸಿಪಿ ಹೆಡರ್‌ಗಳು, ಅಂದರೆ ವಿಳಾಸ ಮುಂತಾದ ವಿವರ. ಟಿಸಿ ಪೂರ್ತಿ 1514 ಎಣಿಸುತ್ತದೆ, ಐಪರ್ಫ್ ಡೇಟಾ ಮಾತ್ರ ತೋರಿಸುತ್ತದೆ. ಕೊನೆಯಲ್ಲಿ ಬರುವ ಎರಡು ಸಾಲಿನಲ್ಲಿ ರಿಸೀವರ್ ಅಂತ ಇರೋದನ್ನೇ ಓದಿ. ಸೆಂಡರ್ ಸಾಲು ಇನ್ನೂ ಬಫರ್‌ನಲ್ಲೇ ಕೂತಿರುವ ಡೇಟಾವನ್ನೂ ಸೇರಿಸಿ ಜಾಸ್ತಿ ತೋರಿಸುತ್ತದೆ.

76 ಚಿಲ್ಲರೆ ಬಂತಾ? ಹಾಗಾದರೆ ನೀವು ರೇಟ್‌ಗೆ 10 ಎಂಬಿಟ್ ಅಂತ ಕೊಡೋ ಬದಲು 10 ಎಂಬಿಪಿಎಸ್ ಅಂತ ಕೊಟ್ಟಿದ್ದೀರಿ. ಊರೆಲ್ಲ ಎಂಬಿಪಿಎಸ್ ಅಂದರೆ ಮೆಗಾಬಿಟ್ ಅಂದುಕೊಂಡರೆ ಟಿಸಿ ಮಾತ್ರ ಅದನ್ನು ಮೆಗಾಬೈಟ್ ಅಂತ ಓದುತ್ತದೆ. 10 ಮೆಗಾಬೈಟ್ ಅಂದರೆ 80 ಮೆಗಾಬಿಟ್, ಹೆಡರ್ ಕಳೆದರೆ 76. ನನ್ನ ಪ್ರಕಾರ ಇದು ಟಿಸಿಯ ಅತಿ ಕೆಟ್ಟ ಅಭ್ಯಾಸ, ಎರರ್ ಕೂಡ ಕೊಡಲ್ಲ.

ಈಗ 94. ಇದರಲ್ಲಿ ಎರಡು ಸುದ್ದಿ ಇದೆ. ಒಂದು, ನಿಮ್ಮ ಮಿತಿ ಕೆಲಸವೇ ಮಾಡುತ್ತಿಲ್ಲ. ಎರಡು, ಗಿಗಾಬಿಟ್ ಅಂತ ನೀವು ನಂಬಿರುವ ಲಿಂಕ್ 100ರಲ್ಲಿ ಓಡುತ್ತಿದೆ. ನಿಜವಾದ ಗಿಗಾಬಿಟ್ ಆಗಿದ್ದರೆ 941 ಬರಬೇಕಿತ್ತು. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು, ಹಾಗಾಗಿ ಉಳಿದೆರಡು ಜೋಡಿಯಲ್ಲಿ ಒಂದು ತಂತಿ ಕಟ್ಟಾದರೂ ಲೈಟ್ ಉರಿಯುತ್ತಲೇ ಇರಬಹುದು. ಈಥ್‌ಟೂಲ್ ಕಮಾಂಡ್‌ನಲ್ಲಿ ಲಿಂಕ್‌ನ ಸ್ಪೀಡ್ ನೋಡಿ, 100 ಅಂತಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಒಂದು ಒಳ್ಳೇ ಕ್ಯಾಟ್6 ಕೇಬಲ್ ತನ್ನಿ.

ಮಿತಿ ಯಾಕೆ ಹಿಡಿದಿಲ್ಲ ಅನ್ನೋದಕ್ಕೆ ಸಾಮಾನ್ಯ ಕಾರಣ ದಿಕ್ಕು. ಟಿಸಿ ತಡೆದು ನಿಧಾನ ಮಾಡೋದು ಆ ಮೆಷಿನ್‌ನಿಂದ ಹೊರಗೆ ಹೋಗುವ ಪ್ಯಾಕೆಟ್‌ಗಳನ್ನು ಮಾತ್ರ. ಐಪರ್ಫ್‌ನಲ್ಲಿ ಕ್ಲೈಂಟ್ ಕಳಿಸುತ್ತದೆ, ಸರ್ವರ್ ತೆಗೆದುಕೊಳ್ಳುತ್ತದೆ. ನೀವು ಮಿತಿಯನ್ನು ಸರ್ವರ್ ಕಡೆ ಹಾಕಿದ್ದರೆ ಅದರ ಮೂಲಕ ಹೋಗೋದು ಬರೀ ಪುಟ್ಟ ಪುಟ್ಟ ಆ್ಯಕ್‌ಗಳು, ಅಂದರೆ ಡೇಟಾ ತಲುಪಿತು ಅನ್ನೋ ಉತ್ತರಗಳು, ಅವಕ್ಕೆ 10 ಮೆಗಾಬಿಟ್ ಧಾರಾಳ. ಐಪರ್ಫ್‌ಗೆ ‘-ಆರ್’ (ದೊಡ್ಡಕ್ಷರ) ಸೇರಿಸಿ ಓಡಿಸಿ, ಆಗ ಸರ್ವರ್ ಕಳಿಸುತ್ತದೆ, ತಕ್ಷಣ 9.5ಕ್ಕೆ ಇಳಿದರೆ ಗುಟ್ಟು ಸಿಕ್ಕಿತು. ಒಳಗೆ ಬರೋದನ್ನೇ ನಿಧಾನ ಮಾಡಬೇಕು ಅಂದರೆ ಐಎಫ್‌ಬಿ ಅನ್ನೋ ನಕಲಿ ಇಂಟರ್‌ಫೇಸ್‌ಗೆ ತಿರುಗಿಸಿ ಅಲ್ಲಿ ಮಿತಿ ಹಾಕಬೇಕು.

ಇದನ್ನೆಲ್ಲ ಊಹೆ ಮಾಡುತ್ತಾ ಕೂರೋದೂ ಬೇಡ. ‘ಟಿಸಿ -ಎಸ್ ಕ್ಯೂಡಿಸ್ಕ್ ಶೋ’ ಅಂತ ಹೊಡೆದು, ಟೆಸ್ಟ್‌ಗೆ ಮೊದಲು ಒಮ್ಮೆ ಆಮೇಲೆ ಒಮ್ಮೆ, ಸೆಂಟ್ (ಕಳಿಸಿದ್ದು ಎಷ್ಟು) ಮತ್ತು ಓವರ್‌ಲಿಮಿಟ್ಸ್ (ಮಿತಿಗೆ ತಾಗಿದ್ದು ಎಷ್ಟು ಸಲ) ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಸೆಂಟ್ ಅಲ್ಲಾಡಿಲ್ಲ ಅಂದರೆ ಟ್ರಾಫಿಕ್ ಆ ದಾರಿಯಲ್ಲೇ ಹೋಗಿಲ್ಲ. ಕ್ಲೈಂಟ್, ಸರ್ವರ್ ಎರಡೂ ಒಂದೇ ಮೆಷಿನ್‌ನಲ್ಲಿದ್ದರೆ ಹೀಗಾಗುತ್ತದೆ, ಎಲ್ಲ ಮೆಷಿನ್ ಒಳಗಿನ ಲೂಪ್‌ಬ್ಯಾಕ್‌ನಲ್ಲೇ ಮುಗಿದಿರುತ್ತದೆ. ಸೆಂಟ್ ಏರಿ ಓವರ್‌ಲಿಮಿಟ್ಸ್ ಸೊನ್ನೆಯಲ್ಲೇ ನಿಂತಿದ್ದರೆ ಪ್ಯಾಕೆಟ್ ಬಂದಿದೆ, ಮಿತಿಗೆ ತಾಗಿಲ್ಲ.

17, 18 ಬರೋದೂ ಉಂಟು. ಟಿಸಿಯಲ್ಲಿ ಮಿತಿ ಹಾಕುವ ಒಂದು ವಿಧಾನವಾದ ಟಿಬಿಎಫ್‌ನಲ್ಲಿ ಬರ್ಸ್ಟ್ (ಒಮ್ಮೆಗೇ ಬಿಡಬಹುದಾದ ಡೇಟಾ) 10 ಮೆಗಾಬೈಟ್ ಅಂತ ಧಾರಾಳವಾಗಿ ಕೊಟ್ಟರೆ ಮೊದಲ ಅಷ್ಟೂ ಡೇಟಾ ಮಿತಿ ಇಲ್ಲದೆ ಓಡುತ್ತದೆ. ಐಪರ್ಫ್ ಸುಮ್ಮನೆ ಬಿಟ್ಟರೆ 10 ಸೆಕೆಂಡ್ ಮಾತ್ರ ಓಡುವುದರಿಂದ ಸರಾಸರಿ ಉಬ್ಬುತ್ತದೆ. ಸೆಕೆಂಡ್ ಸೆಕೆಂಡಿನ ಸಾಲುಗಳನ್ನು ನೋಡಿ, ಮೊದಲು ಜೋರು, ಆಮೇಲೆ 9.5ರಲ್ಲಿ ಸಪಾಟು.

ಮಿತಿಗಿಂತ ಕಮ್ಮಿ ಬಂದರೆ ಕಥೆಯೇ ಬೇರೆ. ಆ್ಯಕ್ ಕಾಯದೆ ಕಳಿಸೋ ಯುಡಿಪಿ ಟೆಸ್ಟ್‌ನಲ್ಲಿ ಸುಮಾರು 1 ಮೆಗಾಬಿಟ್‌ಗೆ ನಿಂತಿದೆ ಅಂದರೆ ನೀವು ಕಳಿಸೋ ವೇಗ ಹೇಳುವ ‘-ಬಿ’ ಕೊಟ್ಟಿಲ್ಲ, ಅಷ್ಟೇ. ಐಪರ್ಫ್3 ತಾನಾಗಿ ಕಳಿಸೋದೇ ಅಷ್ಟು. ಟಿಸಿಪಿಯಲ್ಲಿ ದೂರದ ಲೆಕ್ಕ ಬರುತ್ತದೆ. ಹಳೇ ಟ್ಯುಟೋರಿಯಲ್ ನೋಡಿ ‘-ಡಬ್ಲ್ಯೂ 64ಕೆ’ ಅಂತ ಹಾಕಿದರೆ ವಿಂಡೋ, ಅಂದರೆ ಆ್ಯಕ್ ಬರೋವರೆಗೆ ಕಳಿಸಬಹುದಾದ ಡೇಟಾ, ಅಲ್ಲಿಗೇ ಕಟ್ಟಿಬೀಳುತ್ತದೆ. ಒಂದು ಸಲ ಹೋಗಿ ಬರುವಷ್ಟರಲ್ಲಿ 64 ಕೆಬಿ ಮಾತ್ರ. ಬೆಂಗಳೂರಿಂದ ಮುಂಬೈ ಸರ್ವರ್‌ಗೆ ಪಿಂಗ್ (ಹೋಗಿ ಬರುವ ಸಮಯ) 25 ಮಿಲಿಸೆಕೆಂಡ್ ಇದ್ದರೆ ಹೆಚ್ಚೆಂದರೆ 21 ಮೆಗಾಬಿಟ್, ಅಮೆರಿಕದ್ದು 200 ಆದರೆ 2.6. ಲೈನ್ ಎಷ್ಟು ದೊಡ್ಡದಿದ್ದರೂ ಅಷ್ಟೇ. ಆ ಆಯ್ಕೆ ತೆಗೆದುಬಿಡಿ, ಲಿನಕ್ಸ್ ತಾನೇ ವಿಂಡೋ ಹಿಗ್ಗಿಸಿಕೊಳ್ಳುತ್ತದೆ.

ಟಿಸಿಯದ್ದೇ ಆದ ನೆಟ್‌ಎಮ್‌ನಿಂದ ಬೇಕಂತಲೇ ವಿಳಂಬ ಸೇರಿಸುವವರು ಇನ್ನೊಂದು ನೋಡಿಕೊಳ್ಳಿ. ಅದರ ಕ್ಯೂನಲ್ಲಿ ಹಿಡಿಸೋದು 1000 ಪ್ಯಾಕೆಟ್, ಅಂದರೆ ಸುಮಾರು 1.5 ಮೆಗಾಬೈಟ್. 100 ಮಿಲಿಸೆಕೆಂಡ್ ತಡೆದರೆ ಸುಮಾರು 120 ಮೆಗಾಬಿಟ್‌ಗೇ ಅದು ತುಂಬಿ ಪ್ಯಾಕೆಟ್ ಬೀಳೋಕೆ ಶುರುವಾಗುತ್ತದೆ. 500ರ ಟೆಸ್ಟ್ ಮಾಡುತ್ತಿದ್ದರೆ ಅದೇ ಕಮಾಂಡ್‌ಗೆ ‘ಲಿಮಿಟ್ 10000’ ಸೇರಿಸಿ, ‘ಟಿಸಿ -ಎಸ್’ ತೋರಿಸುವ ಡ್ರಾಪ್ಡ್ (ಬಿದ್ದ ಪ್ಯಾಕೆಟ್) ಅಂಕಿ ಇನ್ನೂ ಏರುತ್ತಿದೆಯಾ ಅಂತ ನೋಡಿ.