ಗದ್ದೆಗೆ ಇಳಿಸಿದ ತೂತು ಪೈಪು

ನಾಟಿ ಮಾಡಿದ ದಿನದಿಂದ ತೆನೆ ಬಲಿಯುವವರೆಗೂ ಗದ್ದೆಯಲ್ಲಿ ನೀರು ನಿಂತಿರಲೇಬೇಕು, ಇಲ್ಲದಿದ್ದರೆ ಪೈರು ಸೊರಗುತ್ತದೆ ಎಂಬ ನಂಬಿಕೆ ಪೇಟೆಯವರಲ್ಲೂ ಇದೆ, ಬೇಸಾಯಗಾರರಲ್ಲೂ ಇದೆ. ಭತ್ತ ತಾವರೆಯಂತೆ ನೀರಿನ ಗಿಡವಲ್ಲ. ನೀರು ನಿಂತರೂ ಬದುಕಬಲ್ಲ ಒಂದು ಹುಲ್ಲು, ಅಷ್ಟೇ. ಬಹುಪಾಲು ಕಳೆಗಳಿಗೆ ಆ ಶಕ್ತಿ ಇಲ್ಲದ್ದರಿಂದ ನಿಂತ ನೀರು ಮುಖ್ಯವಾಗಿ ಕಳೆ ತಡೆಯುತ್ತದೆ. ಅದಕ್ಕೆ ತೆರುವ ಬೆಲೆ ನೋಡಿ. ಒಂದು ಕಿಲೋ ಭತ್ತಕ್ಕೆ ಮಳೆ, ಕಾಲುವೆ ಎಲ್ಲ ಸೇರಿ ಸರಾಸರಿ 2,500 ಲೀಟರ್ ನೀರು ಗದ್ದೆಗೆ ಬರುತ್ತದೆ. ಎಲೆಯಿಂದಲೂ ನೆಲದಿಂದಲೂ ಆವಿಯಾಗುವುದು ಅದರಲ್ಲಿ ಸುಮಾರು 1,400 ಲೀಟರ್. ಮಿಕ್ಕದ್ದು ತಳಕ್ಕೆ ಬಸಿಯುತ್ತದೆ, ಬದುವಿನಲ್ಲಿ ಜಿನುಗುತ್ತದೆ. ನೀರು ಎತ್ತರಕ್ಕೆ ನಿಂತಷ್ಟೂ ಒತ್ತಡ ಹೆಚ್ಚು, ಬಸಿಯುವುದೂ ಹೆಚ್ಚು.

ನಡುನಡುವೆ ಗದ್ದೆ ಆರಿಸಿದರೆ ನಷ್ಟವಿಲ್ಲ ಎಂಬುದು ವಿಜ್ಞಾನಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಎಷ್ಟು ಆರಿಸಬೇಕು? ಮೇಲ್ಮಣ್ಣು ಒಣಗಿದ್ದು ಕಣ್ಣಿಗೆ ಕಾಣುತ್ತದೆ, ಬೇರಿನ ಮಟ್ಟದಲ್ಲಿ ನೀರಿದೆಯೋ ಇಲ್ಲವೋ ಕಾಣುವುದಿಲ್ಲ. ಕಾಣದ್ದಕ್ಕೆ ಹೆದರಿ ರೈತ ತೂಬು ತೆರೆಯುತ್ತಾನೆ, ಅದು ಸಹಜ. ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೆ ಹರಡಿದ ಉತ್ತರ ಒಂದು ತೂತು ಪೈಪು. ಬಾಂಗ್ಲಾದೇಶದಲ್ಲಿ ಇದರ ಹೆಸರೇ ‘ಪಾನಿ ಪೈಪ್’.

10ರಿಂದ 15 ಸೆಂ.ಮೀ. ಅಗಲದ ಪಿವಿಸಿ ಪೈಪನ್ನು 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಕೆಳಗಿನ ಅರ್ಧಕ್ಕೆ ಸುತ್ತಲೂ 2 ಸೆಂ.ಮೀ.ಗೊಂದರಂತೆ 5 ಮಿ.ಮೀ. ತೂತು ಕೊರೆಯಿರಿ. ಆ ಅರ್ಧ ಮಣ್ಣಿನೊಳಗೆ ಹೋಗಬೇಕು, 15 ಸೆಂ.ಮೀ. ಮೇಲೆ ಉಳಿಯಬೇಕು. ತಳದ ಗಟ್ಟಿ ಪದರವನ್ನು ಮಾತ್ರ ಚುಚ್ಚಬೇಡಿ, ನೀರನ್ನು ಹಿಡಿದಿಟ್ಟುಕೊಂಡಿರುವುದೇ ಅದು. ಆಮೇಲೆ ಪೈಪಿನೊಳಗಿನ ಮಣ್ಣನ್ನೆಲ್ಲ ತಳ ಕಾಣುವಂತೆ ತೆಗೆಯಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮಣ್ಣು ಉಳಿದ ಪೈಪು ಏನನ್ನೂ ಹೇಳುವುದಿಲ್ಲ. ನೀರು ಬಿಟ್ಟು ಕೆಲವು ಗಂಟೆಗಳ ಬಳಿಕವೂ ಒಳಗಿನ ಮಟ್ಟ ಹೊರಗಿನದಕ್ಕೆ ಸಮವಾಗದಿದ್ದರೆ ತೂತು ಕಟ್ಟಿದೆ ಎಂದರ್ಥ, ಕಿತ್ತು ಮತ್ತೆ ಹೂಳಿ. ಬದುವಿನಿಂದ ಕೈಗೆಟಕುವಲ್ಲಿ ಇರಲಿ. ಆದರೆ ದಿಬ್ಬದಲ್ಲೂ ಬೇಡ, ತಗ್ಗಿನಲ್ಲೂ ಬೇಡ.

ನಾಟಿಯಾಗಿ ಒಂದೆರಡು ವಾರ ನೀರು ನಿಲ್ಲಿಸಿ, ಕಳೆ ಜೋರಾಗಿದ್ದರೆ ಮೂರು ವಾರ. ಅಲ್ಲಿಂದ ನೀರು ತಾನಾಗಿ ಇಳಿಯಲಿ. ಪೈಪಿನೊಳಗೆ ಅಡಿಪಟ್ಟಿ ಇಳಿಸಿ ನೋಡಿದಾಗ ಮಟ್ಟ ನೆಲದಿಂದ 15 ಸೆಂ.ಮೀ. ಕೆಳಗಿದ್ದರೆ ಮತ್ತೆ 5 ಸೆಂ.ಮೀ. ನಿಲ್ಲುವಷ್ಟು ಬಿಡಿ. ಎಕರೆಗೆ 5 ಸೆಂ.ಮೀ. ಎಂದರೆ ಸುಮಾರು 2 ಲಕ್ಷ ಲೀಟರ್. ಮಣ್ಣು ಹೀರಿಕೊಳ್ಳುವುದು ಬೇರೆ. ಹೂ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಆರಿಸಲೇಬಾರದು. ಆಗ ಬಾಯಾರಿದರೆ ಕಾಳು ಜೊಳ್ಳಾಗುತ್ತದೆ. ಮಿತಿ ಏಕೆ 15 ಸೆಂ.ಮೀ. ಎಂಬುದಕ್ಕೆ 56 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆ ಆಧಾರ ಕೊಡುತ್ತದೆ. ಈ ಮಿತಿಯೊಳಗೆ ಆರಿಸಿದಾಗ ನೀರು ಶೇ. 23ರಷ್ಟು ಉಳಿತಾಯವಾಯಿತು, ಇಳುವರಿ ಹೇಳಿಕೊಳ್ಳುವಂತೆ ತಗ್ಗಲಿಲ್ಲ. ಮಿತಿ ಮೀರಿ ಒಣಗಿಸಿದಾಗ ಇಳುವರಿಯೂ ಶೇ. 22ಕ್ಕಿಂತ ಹೆಚ್ಚು ಕುಸಿಯಿತು. ಎರೆ ನೆಲದಲ್ಲಿ ಇನ್ನೊಂದು ಅಪಾಯವಿದೆ. ಬೆರಳು ತೂರುವಷ್ಟು ಬಿರುಕು ಬಿಟ್ಟರೆ ಮುಂದಿನ ನೀರು ಬೇರನ್ನು ತಪ್ಪಿಸಿ ನೇರ ಪಾತಾಳಕ್ಕಿಳಿಯುತ್ತದೆ. ಅಂಥ ಕಡೆ 10 ಸೆಂ.ಮೀ.ಗೇ ನೀರು ಬಿಡುವುದು ಕ್ಷೇಮ.

ಇನ್ನು ಮಣ್ಣಿನೊಳಗೆ ನಡೆಯುವುದು. ಈ ಇಡೀ ಸಂಗತಿಯ ಸೊಬಗಿರುವುದು ಅಲ್ಲೇ. ಕೂಳೆ, ಬೇರು, ಗೊಬ್ಬರ ತಿನ್ನುವ ಸೂಕ್ಷ್ಮಜೀವಿಗಳಿಗೆ ಉಣ್ಣುವುದರ ಜೊತೆಗೆ ಇನ್ನೊಂದು ಚಿಂತೆ ಇರುತ್ತದೆ. ಊಟದಿಂದ ಹೊರಬಿದ್ದ ಎಲೆಕ್ಟ್ರಾನುಗಳನ್ನು ಯಾರಿಗಾದರೂ ಒಪ್ಪಿಸಬೇಕು, ಉಂಡೆಲೆ ಎಸೆಯಲು ಜಾಗ ಬೇಕಾದಂತೆ. ಮೊದಲ ಪಂಕ್ತಿ ಆಮ್ಲಜನಕ ಬಳಸುವವರದು. ನೀರು ನಿಂತ ಒಂದೆರಡು ದಿನದಲ್ಲೇ ಅದು ಮುಗಿಯುತ್ತದೆ. ಆಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ. ಗದ್ದೆ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಕೆಂಪು ಪೊರೆ ಕಾಣುತ್ತದಲ್ಲ, ಅದು ಕಬ್ಬಿಣದ ಪಂಕ್ತಿಯ ಗುರುತು. ಮುಂದಿನದು ಸಲ್ಫೇಟ್, ಅದರ ಗುರುತು ಕೊಳೆತ ಮೊಟ್ಟೆಯ ವಾಸನೆ. ಎಲ್ಲರೂ ಎದ್ದ ಮೇಲೆ ಕೊನೆಯ ಪಂಕ್ತಿಗೆ ಕೂರುವವು ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲವನ್ನು ತಯಾರಿಸುವ ಜೀವಿಗಳು. ಇವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲ ಎಂದು ಅಮೆರಿಕದ ವಿಜ್ಞಾನಿ ಕಾರ್ಲ್ ವೂಸ್ ತೋರಿಸಿದ್ದು 1977ರಲ್ಲಿ. ಅವು ಮಾಡುವ ಅನಿಲ ಅದಕ್ಕೂ ಇನ್ನೂರು ವರ್ಷ ಮೊದಲೇ ಕೈಗೆ ಸಿಕ್ಕಿತ್ತು. 1776ರಲ್ಲಿ ಇಟಲಿಯ ಮಜೋರೆ ಸರೋವರದ ಕೆಸರನ್ನು ಕೋಲಿನಿಂದ ಕಲಕಿ, ಎದ್ದ ಗುಳ್ಳೆಗಳನ್ನು ಅಲೆಸ್ಸಾಂಡ್ರೋ ವೋಲ್ಟಾ ಹಿಡಿದಿದ್ದ. ಮುಂದೆ ವಿದ್ಯುತ್ ಕೋಶ ಮಾಡಿದವನೂ ಇದೇ ವೋಲ್ಟಾ.

ಗದ್ದೆಯಲ್ಲಿ ಮೀಥೇನ್ ಗುಳ್ಳೆಯಾಗಿ ಏಳುವುದು ಸ್ವಲ್ಪ. ಹೆಚ್ಚಿನದು ಪೈರಿನ ಮೂಲಕವೇ ಹೊರಬರುತ್ತದೆ. ಬಾಳೆಪಟ್ಟೆಯನ್ನು ಅಡ್ಡ ಕೊಯ್ದರೆ ಕಾಣುವ ಗಾಳಿಗೂಡುಗಳಂಥವು ಭತ್ತದ ದಂಟಿನಲ್ಲೂ ಇವೆ. ಬೇರಿಗೆ ಉಸಿರು ಇಳಿಯುವ ದಾರಿಯಲ್ಲೇ ಮೀಥೇನ್ ಮೇಲೇರುತ್ತದೆ, ಅಡುಗೆಮನೆಯ ಹೊಗೆಗೂಡಿನಂತೆ.

ಗದ್ದೆ ಆರಿದಾಗ ಗಾಳಿ ಒಳನುಗ್ಗಿ ಕಬ್ಬಿಣಕ್ಕೆ ಮತ್ತೆ ತುಕ್ಕು ಹಿಡಿಸುತ್ತದೆ. ಮತ್ತೆ ನೀರು ಬಿಟ್ಟಾಗ ಪಂಕ್ತಿ ಮೊದಲಿನಿಂದ ಶುರು. ಕೊನೆಯವರ ಸರದಿ ಬರಲು ದಿನಗಳು ಬೇಕು, ಅಷ್ಟರಲ್ಲಿ ಮತ್ತೆ ಆರಿಸುವ ಹೊತ್ತು ಬಂದಿರುತ್ತದೆ. ಹಲವು ಸಲ ಆರಿಸಿದ ಗದ್ದೆಯ ಮೀಥೇನನ್ನು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ ಸದಾ ನೀರು ನಿಂತ ಗದ್ದೆಯ 0.55 ಪಾಲು ಎಂದು ಲೆಕ್ಕ ಹಾಕುತ್ತದೆ. ಒಂದು ಎಚ್ಚರ: ಹಸಿ ಮಣ್ಣು ಆರುವಾಗ ಸಾರಜನಕ ಹೆಚ್ಚಿದ್ದರೆ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದು ಇನ್ನೂ ತೀಕ್ಷ್ಣ ಹಸಿರುಮನೆ ಅನಿಲ. ಆದ್ದರಿಂದ ಯೂರಿಯಾವನ್ನು ಆರಿದ ನೆಲಕ್ಕೆ ಎರಚಿ ಕೂಡಲೇ ನೀರು ಕಟ್ಟಬೇಕು.

ಇಷ್ಟು ಅಗ್ಗದ ಸಾಧನ ಎಲ್ಲೆಡೆ ಏಕೆ ಹಬ್ಬಿಲ್ಲ? ಫಿಲಿಪ್ಪೀನ್ಸ್‌ನ ತಾರ್ಲಾಕ್ ಪ್ರಾಂತ್ಯದಲ್ಲಿ ಕೊಳವೆಬಾವಿ ರೈತರು ಇದನ್ನು ಬೇಗ ಒಪ್ಪಿದರು. ಪಂಪು ನಿಂತಷ್ಟೂ ಅವರಿಗೆ ಎಣ್ಣೆಯ ಖರ್ಚು ಉಳಿಯುತ್ತಿತ್ತು. ಕಾಲುವೆ ನೀರಿಗೆ ಆ ಲೆಕ್ಕವಿಲ್ಲ. ತುಂಗಭದ್ರಾ ಎಡದಂಡೆ ನಾಲೆಯನ್ನೇ ನೋಡಿ. ಯೋಜನೆಯಲ್ಲಿ ಬಹುಪಾಲು ಅಚ್ಚುಕಟ್ಟು ಕಡಿಮೆ ನೀರಿನ ಬೆಳೆಗೆ ಮೀಸಲಿತ್ತು. ಗಂಗಾವತಿ ಕಡೆ ಭತ್ತ ಹಬ್ಬಿತು, ನಾಲೆಯ ಕೊನೆಯ ಮಾನ್ವಿ, ರಾಯಚೂರು ಕಡೆಯವರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ನಾಲೆಯ ಮೇಲ್ಭಾಗದ ರೈತನಿಗೆ ಬರೀ ಪೈಪು ಕೊಟ್ಟರೆ ಸಾಲದು. ಪೈಪಿನಲ್ಲಿ ಮಟ್ಟ 8 ಸೆಂ.ಮೀ. ಕೆಳಗಿದೆ, ಇನ್ನೂ ನಾಲ್ಕು ದಿನ ತಾಳಬಹುದು ಎಂದು ಅವನಿಗೆ ಗೊತ್ತಿರುತ್ತದೆ. ಆದರೆ ನಾಳೆ ಕಾಲುವೆ ನಿಂತರೆ ಮತ್ತೆ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ. ಅವನು ಇವತ್ತೇ ತುಂಬಿಸುತ್ತಾನೆ, ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಾರೆ. ಹಳೇ ಮೈಸೂರಿನ ಕೆರೆಗಳಲ್ಲಿ ನೀರುಗಂಟಿ ಈ ಅನುಮಾನಕ್ಕೆ ಎಡೆ ಕೊಡುತ್ತಿರಲಿಲ್ಲ. ಯಾವ ಗದ್ದೆಗೆ ಯಾವತ್ತು ನೀರು ಎಂಬುದು ಅವನ ಬಾಯಲ್ಲಿತ್ತು. ನೀರಾವರಿ ಇಲಾಖೆ ಒಂದೊಂದು ವಿತರಣಾ ನಾಲೆಯ ಗದ್ದೆಗಳಲ್ಲಿ ಹತ್ತು ಪೈಪು ಹೂಳಿ, ವಾರಕ್ಕೆರಡು ಸಲ ಅವುಗಳ ಮಟ್ಟವನ್ನೂ ಮುಂದಿನ ಸರದಿಯ ದಿನಾಂಕವನ್ನೂ ತೂಬಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದು, ಆ ದಿನಾಂಕಕ್ಕೆ ತಪ್ಪದೆ ನೀರು ಬಿಟ್ಟು ನೋಡಲಿ. ಆಗ ಮೇಲಿನವನ ಕೈ ತೂಬಿನಿಂದ ಹಿಂದೆ ಸರಿದೀತು.